ಇಮೇಲ್ ಕೆಟ್ಟು ಕಂಡಾಗ ದೋಷ ಹುಡುಕುವ ಸಾಧನವಾಗಿ ಥಂಡರ್‌ಬರ್ಡ್

ಒಂದು ಮೇಲ್ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಬರೆದು ಕಳುಹಿಸಿದ ಪತ್ರ ಇನ್ನೊಂದು ತಂತ್ರಾಂಶದಲ್ಲಿ ಗುರುತು ಸಿಗದಂತೆ ತೆರೆದುಕೊಳ್ಳುವುದು ಇಮೇಲ್ ಬಳಸುವ ಬಹುತೇಕ ಎಲ್ಲರೂ ಕಂಡಿರುವ ತೊಂದರೆ. ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದಿರುತ್ತವೆ, ಚಿತ್ರವಿರಬೇಕಾದಲ್ಲಿ ಖಾಲಿ ಚೌಕವಿರುತ್ತದೆ, ಎರಡು ಅಂಕಣಗಳಾಗಿ ಜೋಡಿಸಿದ್ದ ಬರಹ ಒಂದರ ಕೆಳಗೊಂದು ಕುಸಿದಿರುತ್ತದೆ, ಇಲ್ಲವೇ ಲಗತ್ತಿಸಿದ್ದ ಕಡತಗಳೆಲ್ಲ ಮಾಯವಾಗಿ ವಿನ್‌ಮೇಲ್.ಡ್ಯಾಟ್ ಎಂಬ ಒಂದೇ ಒಂದು ಕಡತ ಉಳಿದಿರುತ್ತದೆ. ಕಳುಹಿಸಿದವರು ತಮ್ಮ ಪರದೆಯಲ್ಲಿ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಪಡೆದವರು ಸ್ಕ್ರೀನ್‌ಶಾಟ್ ತೆಗೆದು ತೋರಿಸುತ್ತಾರೆ. ಇಬ್ಬರ ಮಾತೂ ನಿಜವೇ ಆಗಿರುವುದರಿಂದ ವಾದ ಮುಂದುವರಿಯುತ್ತದೆಯೇ ಹೊರತು ದೋಷ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಇಂಥ ಸಂದರ್ಭದಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ದಿನನಿತ್ಯದ ಬಳಕೆಗೆ ಅದರ ಕ್ಯಾಲೆಂಡರ್, ಹುಡುಕಾಟ, ಸ್ಪ್ಯಾಮ್ ಸೋಸುವ ಬಗೆ ಹೇಗಿವೆ ಎಂಬುದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಬಂತು. ಈಗ ಅದನ್ನು ಮೊಜಿಲ್ಲಾ ಫೌಂಡೇಶನ್‌ನ ಅಧೀನ ಸಂಸ್ಥೆಯಾದ ಎಂಝಡ್‌ಎಲ್‌ಎ ಟೆಕ್ನಾಲಜೀಸ್ ನೋಡಿಕೊಳ್ಳುತ್ತಿದೆ. ಖರ್ಚು ಬಹುಮಟ್ಟಿಗೆ ಬಳಕೆದಾರರ ದೇಣಿಗೆಯಿಂದ ನಡೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ವೆಬ್‌ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಪತ್ರಗಳನ್ನು ತೋರಿಸಲು ಅದು ಬಳಸುವುದು ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪುಟವನ್ನು ಪರದೆಗೆ ಮೂಡಿಸುವ ಗೆಕೊ ಎಂಜಿನ್ನನ್ನೇ. ಅದರ ಒಂದು ಮುಖ್ಯ ಮಿತಿ ಈ ಎಂಜಿನ್ನಿನಲ್ಲೇ ಇರುವುದು ಮುಂದೆ ಕಾಣುತ್ತದೆ.

ಮೊದಲು ಬಲದ ವಿಚಾರ. ಯಾವುದೇ ಪತ್ರವನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಪತ್ರದ ಮೂಲಪಠ್ಯ, ಅಂದರೆ ಕಳುಹಿಸಿದವರು, ವಿಷಯ, ದಿನಾಂಕ ಮುಂತಾದ ವಿವರಗಳಿರುವ ಹೆಡರ್ ಸಾಲುಗಳಿಂದ ಹಿಡಿದು ಲಗತ್ತುಗಳವರೆಗೆ ಸರ್ವರಿನಿಂದ ಬಂದ ಪ್ರತಿಯೊಂದು ಸಾಲೂ, ಪ್ರತ್ಯೇಕ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಜಿಮೇಲ್ ಬ್ರೌಸರಿನಲ್ಲಿ ಶೋ ಒರಿಜಿನಲ್ ಎಂಬ ಆಯ್ಕೆಯಿದ್ದು, ಅದೂ ಇದೇ ಕೆಲಸವನ್ನು ಮಾಡುತ್ತದೆ. ಆದರೆ ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಪ್ರಾಪರ್ಟೀಸ್ ಕಿಟಕಿಗೆ ಹೋದರೆ ಕಾಣುವುದು ಹೆಡರ್ ಸಾಲುಗಳು ಮಾತ್ರ. ಅದು ಬಂದ ಪತ್ರವನ್ನು ತನ್ನದೇ ಸಂಗ್ರಹ ಕ್ರಮಕ್ಕೆ ಬದಲಿಸಿ ಇಟ್ಟುಕೊಳ್ಳುವುದರಿಂದ ಪತ್ರದ ಒಡಲು ಹೇಗೆ ಬಂದಿತ್ತೋ ಹಾಗೆ ಮರಳಿ ನೋಡುವುದು ಸಾಧ್ಯವಾಗುವುದಿಲ್ಲ. ಪ್ರದರ್ಶನದ ದೋಷವನ್ನು ಹುಡುಕುವವರಿಗೆ ಇದು ದೊಡ್ಡ ಕೊರತೆ. ಪರದೆಯ ಮೇಲೆ ಕಾಣುವುದು ಒಂದು ತಂತ್ರಾಂಶ ಮಾಡಿಕೊಂಡ ಅರ್ಥವಾದರೆ, ಮೂಲಪಠ್ಯದಲ್ಲಿ ಕಾಣುವುದು ನಿಜಕ್ಕೂ ಬಂದು ತಲುಪಿದ ವಸ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ತಪ್ಪು ಯಾರದೆಂದು ನಿರ್ಣಯಿಸಲಾಗದು. ಇದನ್ನು ನೋಡದೆಯೇ ಪಡೆದವರ ಗಣಕದಲ್ಲಿ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವ ಪರಿಹಾರವನ್ನು ಸೂಚಿಸುವವರು ಬಹಳ ಮಂದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುವುದು ಇಂಥಲ್ಲಿಯೇ.

ಇದರ ಜೊತೆಗೆ ವ್ಯೂ ಮೆನುವಿನಲ್ಲಿ ಮೆಸೇಜ್ ಬಾಡಿ ಆ್ಯಸ್ ಎಂಬ ಉಪಮೆನು ಇದೆ. ಪತ್ರವನ್ನು ಮೂಲ ಎಚ್‌ಟಿಎಂಎಲ್, ಸರಳ ಎಚ್‌ಟಿಎಂಎಲ್, ಬರಿಯ ಪಠ್ಯ ಎಂಬ ಮೂರು ರೂಪಗಳಲ್ಲಿ ಇಲ್ಲಿ ನೋಡಬಹುದು. ಹೊರನೋಟಕ್ಕೆ ಸಾಧಾರಣವೆನಿಸುವ ಈ ಸೌಲಭ್ಯವೇ ನನ್ನ ಮಟ್ಟಿಗೆ ಮೂಲಪಠ್ಯದ ನಂತರ ಅತ್ಯಂತ ಬೆಲೆಯುಳ್ಳದ್ದು. ಇಂದಿನ ಬಹುಪಾಲು ಪತ್ರಗಳು ಒಂದೇ ಒಕ್ಕಣೆಯನ್ನು ಎರಡು ರೂಪಗಳಲ್ಲಿ ಹೊತ್ತು ತರುತ್ತವೆ: ಮೊದಲು ಬರಿಯ ಪಠ್ಯ, ಅನಂತರ ಎಚ್‌ಟಿಎಂಎಲ್. ಮಲ್ಟಿಪಾರ್ಟ್ ಆಲ್ಟರ್ನೇಟಿವ್ ಎಂದು ಕರೆಯುವ ಈ ಜೋಡಣೆಯಲ್ಲಿ ಸರಳ ರೂಪ ಮೊದಲಿಗೂ ಸಮೃದ್ಧ ರೂಪ ಕೊನೆಗೂ ಇರಬೇಕು, ಓದುವ ತಂತ್ರಾಂಶ ತನಗೆ ಅರ್ಥವಾಗುವವುಗಳಲ್ಲಿ ಕೊನೆಯದನ್ನು ತೋರಿಸಬೇಕು ಎಂಬುದು ನಿಯಮ. ಕಳುಹಿಸುವ ವ್ಯವಸ್ಥೆ ಈ ಕ್ರಮವನ್ನು ತಿರುವುಮುರುವು ಮಾಡಿದರೆ ಒಬ್ಬರಿಗೆ ಬಣ್ಣದ ಪತ್ರವೂ ಇನ್ನೊಬ್ಬರಿಗೆ ಬೋಳು ಪಠ್ಯವೂ ಕಾಣುತ್ತದೆ. ಮೂರು ರೂಪಗಳನ್ನು ಬದಲಿಸುತ್ತಾ ನೋಡಿದಾಗ ಬರಿಯ ಪಠ್ಯ ಸರಿಯಾಗಿದ್ದು ಎಚ್‌ಟಿಎಂಎಲ್ ಮಾತ್ರ ಕೆಟ್ಟಿದ್ದರೆ ತೊಂದರೆ ವಿನ್ಯಾಸದಲ್ಲಿದೆ ಎಂದು ಊಹಿಸಬಹುದು. ಎರಡೂ ಒಂದೇ ಬಗೆಯಲ್ಲಿ ಕೆಟ್ಟಿದ್ದರೆ ಅಕ್ಷರ ಸಂಕೇತದಲ್ಲಿ, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆಯುವ ಕ್ರಮದಲ್ಲಿ, ಅಥವಾ ಸಾಗಣೆಯಲ್ಲಿ ಏನೋ ಆಗಿದೆ ಎಂದರ್ಥ. ಹುಡುಕಾಟದ ದಾರಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಪತ್ರ ಬರೆಯುವವರನ್ನು ಹೆಚ್ಚು ಕಾಡುವುದು ಈ ಅಕ್ಷರ ಸಂಕೇತದ ತೊಂದರೆಯೇ. ಇಮೇಲ್‌ನ ಮೂಲ ರೂಪವನ್ನು ನಿಗದಿಪಡಿಸಿದ 1982ರ ನಿಯಮಾವಳಿಯಲ್ಲಿ ಏಳು ಬಿಟ್‌ಗಳ ಆಸ್ಕಿ ಅಕ್ಷರಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಸಾಮಾನ್ಯ ಚಿಹ್ನೆಗಳಿಗೆ ಮಾತ್ರ ಎಡೆಯಿತ್ತು. 1992ರಲ್ಲಿ ಬಂದು 1996ರಲ್ಲಿ ಪರಿಷ್ಕಾರಗೊಂಡ ಮೈಮ್ ಎಂಬ ಕ್ರಮ ಉಳಿದ ಭಾಷೆಗಳಿಗೂ ಲಗತ್ತುಗಳಿಗೂ ದಾರಿ ಮಾಡಿಕೊಟ್ಟಿತು. ಆದರೆ ಹಳೆಯ ಕಟ್ಟಡವನ್ನು ಕೆಡವದೆ, ಕನ್ನಡದ ಬೈಟ್‌ಗಳನ್ನು ಆಸ್ಕಿ ಅಕ್ಷರಗಳ ವೇಷದಲ್ಲಿ ಸಾಗಿಸುವ ಉಪಾಯವನ್ನು ಅದು ಕಂಡುಕೊಂಡಿತು. ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಸ್ವರ, ವ್ಯಂಜನ, ಕಾಗುಣಿತದ ಗುರುತು ಇವುಗಳಲ್ಲಿ ಒಂದೊಂದಕ್ಕೂ) ಮೂರು ಬೈಟ್‌ಗಳು ಬೇಕು. ಪಠ್ಯದ ಬಗೆ ಮತ್ತು ಸಂಕೇತವನ್ನು ತಿಳಿಸುವ ಕಂಟೆಂಟ್-ಟೈಪ್ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದಿರದಿದ್ದರೆ, ಅಥವಾ ತಪ್ಪಾಗಿ ಪಶ್ಚಿಮ ಯುರೋಪಿನ ಭಾಷೆಗಳ ಸಂಕೇತವಾದ ವಿಂಡೋಸ್-1252 ಎಂದು ಬರೆದಿದ್ದರೆ, ಓದುವ ತಂತ್ರಾಂಶ ಆ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಲ್ಯಾಟಿನ್ ಚಿಹ್ನೆಗಳೆಂದು ತಿಳಿಯುತ್ತದೆ. ಕನ್ನಡದ ಸ್ವರ ವ್ಯಂಜನಗಳೆಲ್ಲದರ ಮೊದಲ ಎರಡು ಬೈಟ್‌ಗಳು ಒಂದೇ ಆಗಿರುವುದರಿಂದ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಸಣ್ಣ ಎ (à) ಮತ್ತು ಅದರ ಪಕ್ಕದಲ್ಲಿ ಮೇಲಕ್ಕೇರಿದ ಚಿಕ್ಕ 2ರ ಅಂಕಿ (²) ಪುಟದ ತುಂಬ ಮರುಕಳಿಸುತ್ತವೆ. ಅರ್ಧಾಕ್ಷರದ ಹಲಂತ ಚಿಹ್ನೆ ಮತ್ತು ಕೊಂಬು ಏತ್ವಗಳ ಜಾಗದಲ್ಲಿ ಆ 2ರ ಅಂಕಿ 3 (³) ಆಗುತ್ತದೆ. ಈ ವಿನ್ಯಾಸವನ್ನು ಒಮ್ಮೆ ಗುರುತಿಸಲು ಕಲಿತರೆ ಸಾಕು, ಬಂದದ್ದು ಕನ್ನಡವೇ, ಬೈಟ್‌ಗಳೂ ಬಹುಮಟ್ಟಿಗೆ ಉಳಿದಿವೆ, ಹಣೆಪಟ್ಟಿ ಮಾತ್ರ ತಪ್ಪಿದೆ ಎಂದು ನೋಡಿದ ಕೂಡಲೇ ಹೇಳಬಹುದು. ಬಾಗಿದ ಉದ್ಧರಣ ಚಿಹ್ನೆಯ ಬದಲು ಯೂರೊ ಚಿಹ್ನೆ ಸೇರಿದ ಮೂರು ಅಕ್ಷರಗಳು ಇಂಗ್ಲಿಷ್ ಪತ್ರಗಳಲ್ಲಿ ಇಣುಕುವುದಕ್ಕೂ ಇದೇ ಕಾರಣ.

ಇಂಥ ಪತ್ರಕ್ಕೆ ಥಂಡರ್‌ಬರ್ಡ್ ನೀಡುವ ಮದ್ದು ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಎಂಬ ಆಯ್ಕೆ. ಅದನ್ನು ಒತ್ತಿದರೆ ತಂತ್ರಾಂಶ ಹಣೆಪಟ್ಟಿಯನ್ನು ಬದಿಗಿಟ್ಟು ಬೈಟ್‌ಗಳನ್ನು ನೋಡಿ ಸಂಕೇತವನ್ನು ತಾನೇ ಊಹಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಸಂಕೇತ ಕ್ರಮಗಳ ಉದ್ದನೆಯ ಪಟ್ಟಿಯಿಂದ ಬೇಕಾದುದನ್ನು ನಾವೇ ಆರಿಸಬಹುದಿತ್ತು. ಈಗ ಉಳಿದಿರುವುದು ಈ ಒಂದೇ ಗುಂಡಿ. ಸಾಮಾನ್ಯ ಬಳಕೆದಾರರಿಗೆ ಇದರಿಂದ ಅನುಕೂಲವಾಗಿರಬಹುದಾದರೂ ದೋಷ ಹುಡುಕುವವರ ಕೈಯಿಂದ ಒಂದು ಉಪಕರಣವನ್ನು ಕಸಿದುಕೊಂಡಂತಾಗಿದೆ ಎಂಬುದು ನನ್ನ ಅಭಿಪ್ರಾಯ. ಎರಡು ಸಂಕೇತಗಳನ್ನು ಬದಲಿಸಿ ನೋಡಿ ವ್ಯತ್ಯಾಸ ತಿಳಿಯುವ ಅವಕಾಶವೇ ಈಗಿಲ್ಲ. ಅಲ್ಲದೆ ಕೆಲವು ಬಗೆಯ ಹಾನಿಗಳಿಗೆ ಈ ಗುಂಡಿ ಏನನ್ನೂ ಮಾಡಲಾರದು. ಅಕ್ಷರಗಳ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಿದ್ದು, ಮೂಲಪಠ್ಯದಲ್ಲೂ ಅವೇ ಇದ್ದರೆ, ಕನ್ನಡವನ್ನು ಅರಿಯದ ಸಂಕೇತಕ್ಕೆ ಪತ್ರವನ್ನು ಬದಲಿಸುವಾಗಲೇ ಅಕ್ಷರಗಳು ಅಳಿದುಹೋಗಿವೆ. ಮರಳಿ ಕಳುಹಿಸಿ ಎಂದು ಕೇಳುವುದಲ್ಲದೆ ಬೇರೆ ದಾರಿಯಿಲ್ಲ. ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಬೇರೆ ಕಥೆ: ಬೈಟ್‌ಗಳನ್ನು ಯುಟಿಎಫ್-8 ಎಂದು ಓದಲು ಹೋಗಿ ನಡುವೆ ಎಲ್ಲೋ ಮುಗ್ಗರಿಸಿದೆ ಎಂದು ತಿಳಿಯಬೇಕು. ಕೆಟ್ಟ ಅಕ್ಷರಗಳನ್ನೇ ಕಳುಹಿಸುವ ವ್ಯವಸ್ಥೆ ಮತ್ತೊಮ್ಮೆ ಯುಟಿಎಫ್-8ಕ್ಕೆ ಬದಲಿಸಿ ರವಾನಿಸಿದ್ದರೆ ಹಣೆಪಟ್ಟಿಯೂ ಸರಿ, ಬೈಟ್‌ಗಳೂ ಸರಿ, ಬರಹ ಮಾತ್ರ ಕೆಟ್ಟದ್ದು. ಅಂಥ ಪತ್ರ ಎಲ್ಲ ತಂತ್ರಾಂಶಗಳಲ್ಲೂ ಒಂದೇ ರೀತಿ ಕೆಟ್ಟು ಕಾಣುತ್ತದೆ. ಇವೆಲ್ಲದರಿಂದ ಬೇರೆಯಾದ ಇನ್ನೊಂದು ಬಗೆಯಿದೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಪತ್ರಕ್ಕೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅದು ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಇದು ಮೇಲ್ ತಂತ್ರಾಂಶದ ದೋಷವೇ ಅಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಸರಿಯಾಗುತ್ತದೆ.

ವಿಷಯದ ಸಾಲಿನ ಪಾಡು ಇನ್ನೂ ಸೂಕ್ಷ್ಮ. ಹೆಡರ್‌ನಲ್ಲಿ ಆಸ್ಕಿಯಲ್ಲದ ಅಕ್ಷರಗಳನ್ನು ಸಂಕೇತಿಸಿ ತುಂಡುಗಳಾಗಿ ಬರೆಯಬೇಕು, ಒಂದೊಂದು ತುಂಡು 75 ಅಕ್ಷರಗಳನ್ನು ಮೀರಬಾರದು. ಸಂಕೇತದ ಹೆಸರು ಮತ್ತು ಗುರುತುಗಳಿಗೆ ಹನ್ನೆರಡು ಅಕ್ಷರ ಹೋಗಿ, ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳ ಇಡಿ ಗುಂಪಾಗಿ ಬರೆಯುವ ಬೇಸ್-64 ಕ್ರಮದಲ್ಲಿ ಉಳಿಯುವುದು 60 ಅಕ್ಷರಗಳ ಜಾಗ, ಅಂದರೆ 45 ಬೈಟ್, ಅಂದರೆ ಕನ್ನಡದ 15 ಸಂಕೇತಗಳು. ಒತ್ತಕ್ಷರಗಳಲ್ಲಿ ಒಂದೊಂದಕ್ಕೆ ಮೂರು ಸಂಕೇತಗಳು ಖರ್ಚಾಗುವುದರಿಂದ ಸಾಧಾರಣ ಉದ್ದದ ಕನ್ನಡ ಶೀರ್ಷಿಕೆಯೂ ಎರಡು ಮೂರು ತುಂಡುಗಳಾಗುತ್ತದೆ. ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಕತ್ತರಿಸಬಾರದು ಎಂಬ ನಿಯಮವನ್ನು ಗಮನಿಸದ ತಂತ್ರಾಂಶಗಳು ಬೈಟ್ ಎಣಿಸಿ ಕತ್ತರಿಸಿಬಿಡುತ್ತವೆ. ಪತ್ರದ ಒಡಲು ಪೂರ್ತಿ ಸರಿಯಿದ್ದು ಶೀರ್ಷಿಕೆಯ ನಡುವೆ ಮಾತ್ರ ಒಂದೆರಡು ವಜ್ರಾಕೃತಿಗಳು ಕಂಡರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಕೆಲವು ಓದುವ ತಂತ್ರಾಂಶಗಳು ತುಂಡುಗಳನ್ನು ಜೋಡಿಸಿದ ಮೇಲೆ ಅರ್ಥೈಸುವುದರಿಂದ ಈ ತಪ್ಪು ಅವುಗಳಲ್ಲಿ ಮುಚ್ಚಿಹೋಗುತ್ತದೆ, ಬಿಡಿಬಿಡಿಯಾಗಿ ಅರ್ಥೈಸುವವುಗಳಲ್ಲಿ ಬಯಲಾಗುತ್ತದೆ. ನಿಯಮ ಪಾಲಿಸಿದ ತಂತ್ರಾಂಶದ ಮೇಲೇ ದೂರು ಬರುವುದು ಇದರ ವಿಪರ್ಯಾಸ. ಲಗತ್ತಿನ ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟಾಗಲೂ ಇಂಥದೇ ಗೊಂದಲವುಂಟು. ಅದಕ್ಕೆಂದು 1997ರಲ್ಲಿ ಪ್ರತ್ಯೇಕ ಕ್ರಮವನ್ನು ನಿಗದಿಪಡಿಸಿದ್ದರೂ ಹಲವು ತಂತ್ರಾಂಶಗಳು ಶೀರ್ಷಿಕೆಯ ಕ್ರಮವನ್ನೇ ಕಡತದ ಹೆಸರಿಗೂ ಬಳಸುತ್ತಾ ಬಂದಿವೆ.

ಥಂಡರ್‌ಬರ್ಡ್‌ನ ಮೂಲಪಠ್ಯ ಕಿಟಕಿಯ ದೊಡ್ಡ ಕೊರತೆ ಎದುರಾಗುವುದೂ ಕನ್ನಡ ಪತ್ರಗಳಲ್ಲಿಯೇ. ಆಸ್ಕಿಯಲ್ಲದ ಪ್ರತಿ ಬೈಟನ್ನು ಮೂರು ಅಕ್ಷರಗಳಾಗಿ ಬರೆಯುವ ಕೋಟೆಡ್-ಪ್ರಿಂಟಬಲ್ ಕ್ರಮದಲ್ಲಿ ಕನ್ನಡದ ಒಂದು ಸಂಕೇತ ಒಂಬತ್ತು ಅಕ್ಷರಗಳಷ್ಟು ಹಿಗ್ಗುತ್ತದೆ, ಬೇಸ್-64ರಲ್ಲಿ ನಾಲ್ಕೇ ಸಾಕು. ಹೀಗಾಗಿ ಕನ್ನಡ ಪತ್ರಗಳಿಗೆ ಬೇಸ್-64 ಆರಿಸುವ ವ್ಯವಸ್ಥೆಗಳು ಹಲವು. ಆಗ ಮೂಲಪಠ್ಯದಲ್ಲಿ ಕಾಣುವುದು 76 ಅಕ್ಷರಗಳ ಸಾಲುಗಳ ಗೋಡೆ ಮಾತ್ರ. ಒಳಗೆ ಇರುವುದೇನೆಂದು ಕಣ್ಣಿಗೆ ತಿಳಿಯುವುದಿಲ್ಲ. ಆ ಭಾಗವನ್ನು ಬಿಡಿಸಿ ತೋರಿಸುವ ಒಂದು ಗುಂಡಿ ಅದೇ ಕಿಟಕಿಯಲ್ಲಿ ಇದ್ದಿದ್ದರೆ ಸಾಕಿತ್ತು. ಇಷ್ಟು ವರ್ಷ ಕಳೆದರೂ ಅದನ್ನು ಒದಗಿಸದಿರುವುದರಿಂದ ನಕಲು ಮಾಡಿ ಬೇರೊಂದು ಉಪಕರಣದಲ್ಲಿ ಬಿಡಿಸಿ ನೋಡುವ ಕೆಲಸ ಬಳಕೆದಾರರಿಗೇ ಬೀಳುತ್ತದೆ.

ಇನ್ನು ವಿನ್ಯಾಸದ ವಿಚಾರ. ಇಲ್ಲಿ ಥಂಡರ್‌ಬರ್ಡನ್ನು ನಂಬಿ ಕೂರುವುದು ಅಪಾಯಕರ. ಗೆಕೊ ಪೂರ್ಣ ಪ್ರಮಾಣದ ಬ್ರೌಸರ್ ಎಂಜಿನ್ ಆಗಿರುವುದರಿಂದ ಪುಟದ ವಿನ್ಯಾಸವನ್ನು ಸೂಚಿಸುವ ಸಿಎಸ್‌ಎಸ್ ಭಾಷೆಯ ಆಧುನಿಕ ರೂಪದಲ್ಲಿ ಏನೇ ಬರೆದರೂ ಅಚ್ಚುಕಟ್ಟಾಗಿ ತೋರಿಸುತ್ತದೆ. ಆ್ಯಪಲ್ ಮೇಲ್ ಕೂಡ ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ ಬಳಸುವುದರಿಂದ ಅಲ್ಲಿಯೂ ಹಾಗೆಯೇ. ವಿಂಡೋಸ್‌ನ ಔಟ್‌ಲುಕ್ ಮಾತ್ರ 2007ರ ಆವೃತ್ತಿಯಿಂದ ಎಚ್‌ಟಿಎಂಎಲ್ ತೋರಿಸಲು ವರ್ಡ್‌ನ ಎಂಜಿನ್ನಿಗೆ ಬದಲಾಯಿತು. ಭಾಗಗಳನ್ನು ಪಕ್ಕಕ್ಕೆ ಸರಿಸುವ ಫ್ಲೋಟ್, ಗರಿಷ್ಠ ಅಗಲದ ಮಿತಿ, ದುಂಡಗಿನ ಅಂಚು, ಸಿಎಸ್‌ಎಸ್ ಮೂಲಕ ಹಾಕಿದ ಹಿನ್ನೆಲೆ ಚಿತ್ರ ಇವುಗಳನ್ನು ಆ ಎಂಜಿನ್ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಸುದ್ದಿಪತ್ರ ರೂಪಿಸುವವರು ಇಂದಿಗೂ ಕೋಷ್ಟಕದೊಳಗೆ ಕೋಷ್ಟಕ ಹೆಣೆಯುವುದು ಹಳೆಯ ಅಭ್ಯಾಸದ ಮೋಹದಿಂದಲ್ಲ, ಈ ಎಂಜಿನ್ನಿನ ಭಯದಿಂದ. ಮ್ಯಾಕ್‌ನ ಔಟ್‌ಲುಕ್ ಆಗಲಿ, ವೆಬ್ ಆಧಾರಿತವಾದ ವಿಂಡೋಸ್‌ನ ಹೊಸ ಔಟ್‌ಲುಕ್ ಆಗಲಿ ವರ್ಡ್ ಎಂಜಿನ್ನನ್ನು ಬಳಸುವುದಿಲ್ಲ. ಆದ್ದರಿಂದ ಔಟ್‌ಲುಕ್‌ನಲ್ಲಿ ಕೆಟ್ಟು ಕಾಣುತ್ತದೆ ಎಂಬ ದೂರು ಬಂದಾಗ ಯಾವ ಔಟ್‌ಲುಕ್ ಎಂದು ಮೊದಲು ಕೇಳಬೇಕು. ಜಿಮೇಲ್‌ಗೆ ಬೇರೆಯೇ ನಿಯಮಗಳಿವೆ: ಎಚ್‌ಟಿಎಂಎಲ್ 102 ಕಿಲೊಬೈಟ್ ದಾಟಿದರೆ ಉಳಿದದ್ದನ್ನು ಕತ್ತರಿಸಿ ಪೂರ್ತಿ ಪತ್ರ ನೋಡಲು ಒಂದು ಕೊಂಡಿ ಕೊಡುತ್ತದೆ, ಪತ್ರದೊಳಗೇ ಡೇಟಾ ಯುಆರ್‌ಐ ರೂಪದಲ್ಲಿ ಹುದುಗಿಸಿದ ಚಿತ್ರವನ್ನು ತೋರಿಸುವುದಿಲ್ಲ, ಜಿಮೇಲ್ ಆ್ಯಪ್‌ಗೆ ಜಿಮೇಲ್ ಅಲ್ಲದ ಖಾತೆಯನ್ನು ಸೇರಿಸಿಕೊಂಡಿದ್ದರೆ ಪತ್ರದ ವಿನ್ಯಾಸ ಸೂಚನೆಗಳಿರುವ ಸ್ಟೈಲ್ ಭಾಗವನ್ನೇ ಕೈಬಿಡುತ್ತದೆ. ಇದಾವುದನ್ನೂ ಥಂಡರ್‌ಬರ್ಡ್‌ನಲ್ಲಿ ನೋಡಿ ಊಹಿಸಲು ಬರುವುದಿಲ್ಲ. ಬಂದ ಪತ್ರದ ದೋಷವನ್ನು ಹುಡುಕಲು ಅದು ಎಷ್ಟು ಒಳ್ಳೆಯದೋ, ಹೋಗುವ ಪತ್ರ ಹೇಗೆ ಕಾಣುತ್ತದೆಂದು ತಿಳಿಯಲು ಅಷ್ಟೇ ಕಡಿಮೆ ಉಪಯುಕ್ತ.

ಚಿತ್ರಗಳು ಕಾಣದಿರುವ ತೊಂದರೆಗೆ ಮಾತ್ರ ಅದು ಮತ್ತೆ ನೆರವಿಗೆ ಬರುತ್ತದೆ. ದೂರದ ಸರ್ವರಿನಲ್ಲಿರುವ ಚಿತ್ರಗಳನ್ನು ಥಂಡರ್‌ಬರ್ಡ್ ನಾವು ಒಪ್ಪುವವರೆಗೆ ತಡೆದು, ಹಾಗೆ ತಡೆದಿರುವುದನ್ನು ಪತ್ರದ ಮೇಲ್ಭಾಗದ ಪಟ್ಟಿಯಲ್ಲಿ ತಿಳಿಸುತ್ತದೆ. ಪತ್ರದ ಜೊತೆಯಲ್ಲೇ ಬಂದು ಸಿಐಡಿ ಗುರುತಿನಿಂದ ಜೋಡಣೆಯಾದ ಚಿತ್ರಗಳನ್ನು ತಡೆಯುವುದಿಲ್ಲ. ಪಟ್ಟಿ ಕಾಣದೆಯೂ ಚಿತ್ರ ಇಲ್ಲವೆಂದಾದರೆ ಮೂಲಪಠ್ಯದಲ್ಲಿ ಸಿಐಡಿ ಗುರುತು ಮತ್ತು ಕಂಟೆಂಟ್-ಐಡಿ ಸಾಲು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಡಾರ್ಕ್ ಮೋಡ್‌ನಲ್ಲಿ ಪಾರದರ್ಶಕ ಹಿನ್ನೆಲೆಯ ಕಪ್ಪು ಲಾಂಛನ ಕರಗಿಹೋಗುವುದು ಬೇರೆ ತೊಂದರೆ; ಅದಕ್ಕೆ ಚಿತ್ರವನ್ನೇ ಬದಲಿಸಬೇಕು.

ಸಾಲುಗಳು ಅಲ್ಲಲ್ಲಿ ಮುರಿದು ಬೀಳುವ ದೂರು ಕಡಿಮೆ ಗಂಭೀರವಾದರೂ ಬಹಳ ಸಾಮಾನ್ಯ. ಬರಿಯ ಪಠ್ಯದ ಪತ್ರವನ್ನು ಥಂಡರ್‌ಬರ್ಡ್ 72 ಅಕ್ಷರಗಳ ಸುಮಾರಿಗೆ ಮುರಿದು, ಓದುವ ತಂತ್ರಾಂಶ ಮತ್ತೆ ಜೋಡಿಸಿಕೊಳ್ಳಲಿ ಎಂದು ಫಾರ್ಮ್ಯಾಟ್-ಫ್ಲೋಡ್ ಗುರುತನ್ನು ಹಾಕುತ್ತದೆ. ಆ ಗುರುತನ್ನು ಅರಿಯದ ತಂತ್ರಾಂಶಗಳಲ್ಲಿ, ಅದರಲ್ಲೂ ಮೊಬೈಲಿನ ಕಿರಿದಾದ ಪರದೆಯಲ್ಲಿ, ಒಂದು ಉದ್ದ ಸಾಲು ಒಂದು ತುಂಡು ಸಾಲು ಎಂಬಂತೆ ಹಲ್ಲುಹಲ್ಲಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಬರಿಯ ಪಠ್ಯದ ಪತ್ರಗಳಲ್ಲಿ ಹೆಚ್ಚುವರಿ ಎಂದು ತನಗೆ ತೋಚಿದ ಸಾಲುಮುರಿತಗಳನ್ನು ತೆಗೆದುಹಾಕುವ ಆಯ್ಕೆ ಹಳೆಯ ಔಟ್‌ಲುಕ್‌ನಲ್ಲಿದೆ. ವಿಳಾಸವನ್ನೋ ಪಟ್ಟಿಯನ್ನೋ ಸಾಲು ಸಾಲಾಗಿ ಬರೆದಿದ್ದರೆ ಅದೆಲ್ಲ ಒಂದೇ ಪ್ಯಾರಾ ಆಗುತ್ತದೆ. ಪತ್ರದ ಮೇಲಿನ ಸೂಚನೆಯನ್ನು ಒತ್ತಿ ಮೂಲ ಸಾಲುಗಳನ್ನು ಮರಳಿ ಪಡೆಯಬಹುದು. ಔಟ್‌ಲುಕ್‌ನಲ್ಲಿ ಬರೆದ ನಗುಮುಖ ಬೇರೆಡೆ ಇಂಗ್ಲಿಷಿನ ಜೆ ಅಕ್ಷರವಾಗಿ ಕಾಣುವುದನ್ನು ಯಾವುದೋ ಗುಪ್ತ ಸಂಕೇತವೆಂದು ತಿಳಿದವರುಂಟು. ಅದು ವಿಂಗ್‌ಡಿಂಗ್ಸ್ ಫಾಂಟ್‌ನಲ್ಲಿ ಜೆ ಅಕ್ಷರದ ಜಾಗದಲ್ಲಿರುವ ನಗುಮುಖವಷ್ಟೇ.

ವಿನ್‌ಮೇಲ್.ಡ್ಯಾಟ್ ಬಂದಾಗ ಮೂಲಪಠ್ಯದಲ್ಲಿ ಆ ಭಾಗದ ಬಗೆ ಅಪ್ಲಿಕೇಶನ್ ಎಂಎಸ್-ಟಿನೆಫ್ ಎಂದು ಇರುತ್ತದೆ. ಕಳುಹಿಸಿದವರ ಔಟ್‌ಲುಕ್ ರಿಚ್ ಟೆಕ್ಸ್ಟ್ ರೂಪದಲ್ಲಿ ಪತ್ರವನ್ನು ಕಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಅವರು ಎಚ್‌ಟಿಎಂಎಲ್ ಅಥವಾ ಬರಿಯ ಪಠ್ಯಕ್ಕೆ ಬದಲಿಸಿಕೊಂಡರೆ ತೊಂದರೆ ನಿಲ್ಲುತ್ತದೆ. ಆದರೂ ಒಬ್ಬರಿಗೆ ಮಾತ್ರ ಹಾಗೆ ಹೋಗುತ್ತಿದ್ದರೆ, ಕಳುಹಿಸುವವರ ವಿಳಾಸಪುಸ್ತಕದಲ್ಲಿ ಆ ಒಬ್ಬರಿಗೆಂದೇ ರಿಚ್ ಟೆಕ್ಸ್ಟ್ ನಿಗದಿಯಾಗಿರಬಹುದು.

ಬಳಕೆಯ ದೃಷ್ಟಿಯಿಂದ ಹೇಳಬೇಕಾದ ದೂರು ಒಂದಿದೆ. ಮೇಲೆ ಹೇಳಿದ ಆಯ್ಕೆಗಳಿರುವ ಮೆನು ಪಟ್ಟಿಯನ್ನು ವಿಂಡೋಸ್‌ನಲ್ಲಿ ಮರೆಮಾಡಿ ಇಟ್ಟಿದ್ದಾರೆ. ಆಲ್ಟ್ ಕೀಲಿ ಒತ್ತಿದರಷ್ಟೇ ಕಾಣುತ್ತದೆ. 2023ರ 115ನೆಯ ಆವೃತ್ತಿಯಲ್ಲಿ ಹೊರರೂಪವನ್ನು ಬಹುವಾಗಿ ಬದಲಿಸಿದರೂ ಈ ಉಪಕರಣಗಳು ಹೊಸಬರ ಕಣ್ಣಿಗೆ ಬೀಳುವ ಜಾಗಕ್ಕೆ ಬರಲಿಲ್ಲ. ಪತ್ರಗಳನ್ನು ಮೂಲಪಠ್ಯ ಹಾಗೆಯೇ ಇರುವ ಇಎಂಎಲ್ ಕಡತವಾಗಿ ಉಳಿಸಿ ಇನ್ನೊಬ್ಬರಿಗೆ ಲಗತ್ತಿಸಿ ಕಳುಹಿಸಬಹುದಾಗಿರುವುದು ಮಾತ್ರ ನಿಜವಾದ ಅನುಕೂಲ. ಪತ್ರವನ್ನು ಸಾಮಾನ್ಯ ರೀತಿಯಲ್ಲಿ ಫಾರ್ವರ್ಡ್ ಮಾಡಿದರೆ ಕಳುಹಿಸುವ ತಂತ್ರಾಂಶ ಅದನ್ನು ಹೊಸದಾಗಿ ಕಟ್ಟುವುದರಿಂದ ದೋಷದ ಕುರುಹುಗಳೇ ಅಳಿಸಿಹೋಗುತ್ತವೆ. ದೂರು ಕೊಡುವವರಿಂದ ಯಾವಾಗಲೂ ಇಎಂಎಲ್ ಕಡತವನ್ನೇ ಕೇಳಬೇಕು.

ಹೀಗೆ ಪಡೆದ ಮೂಲಪಠ್ಯವನ್ನೂ ಒಂದು ಸಂದರ್ಭದಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಖಾತೆಯು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನಲ್ಲಿದ್ದು ಥಂಡರ್‌ಬರ್ಡ್ ಅದನ್ನು ಸರ್ವರಿನಲ್ಲಿರುವ ಪತ್ರಗಳನ್ನು ಓದುವ ಐಎಂಎಪಿ ಕ್ರಮದ ಮೂಲಕ ತೆರೆಯುತ್ತಿದ್ದರೆ, ಸರ್ವರ್ ತನ್ನ ಸಂಗ್ರಹದಲ್ಲಿರುವ ಪತ್ರವನ್ನು ಮತ್ತೆ ಮೈಮ್ ರೂಪಕ್ಕೆ ಕಟ್ಟಿಕೊಡುತ್ತದೆ. ಆಗ ಕಂಟ್ರೋಲ್-ಯು ತೋರಿಸುವುದು ಕಳುಹಿಸಿದವರ ತಂತ್ರಾಂಶ ಬರೆದ ಸಾಲುಗಳನ್ನಲ್ಲ, ಆ ಸರ್ವರ್ ಮರುರಚಿಸಿದ ಸಾಲುಗಳನ್ನು. ಭಾಗಗಳ ಕ್ರಮವೂ ಸಂಕೇತದ ಹಣೆಪಟ್ಟಿಯೂ ಅಷ್ಟರಲ್ಲಿ ಬದಲಾಗಿರಬಹುದು. ಅಂಥ ಪತ್ರವನ್ನು ಪರಿಶೀಲಿಸುವಾಗ ಕಳುಹಿಸಿದವರಿಂದ ಅದೇ ಪತ್ರವನ್ನು ಬೇರೆ ಬಗೆಯ ಸರ್ವರಿನಲ್ಲಿರುವ ಇನ್ನೊಂದು ಖಾತೆಗೂ ತರಿಸಿಕೊಂಡು, ಎರಡೂ ಮೂಲಪಠ್ಯಗಳನ್ನು ಕಂಟೆಂಟ್-ಟೈಪ್ ಸಾಲಿನಿಂದ ಆರಂಭಿಸಿ ಹೋಲಿಸಿ ನೋಡಬೇಕಾಗುತ್ತದೆ.